ರಕ್ತ ಅಳೆಯುವವರು

ಮೋಟುಕೊಂಬಿಯನ್ನು ಕಸಾಯಿಖಾನೆಗೆ ಕಳಿಸಬೇಕೆಂದು ನಮ್ಮ ಲಕೋಟ ಬುಡಕಟ್ಟಿನ ಕೌನ್ಸಿಲ್ ತೀರ್ಮಾನಿಸಿತ್ತು. ಅದನ್ನು ಹೇಳಲು ಬಂದವನು ನನ್ನ ಒಡಹುಟ್ಟಿದ ತಮ್ಮ ಡೆಲ್ಬರ್ಟ್. ನನ್ನ ಬಾಯಿ ಗೊತ್ತಿದ್ದರಿಂದ ಲಾರಿ, ಬುಡಕಟ್ಟಿನ ಪೊಲೀಸರು ಎಲ್ಲವನ್ನೂ ಜೊತೆಗೇ ತಂದಿದ್ದ.

ಮೋಟುಕೊಂಬಿ ನಾನು ನೋಡಿಕೊಳ್ಳುವ ಬೈಸನ್ ಕಾಡೆಮ್ಮೆಗಳ ಮಂದೆಯ ಹಿರಿಯ ಹೆಣ್ಣು. ಕಾಡೆಮ್ಮೆಗಳಲ್ಲಿ ಕೋಣಗಳ ಆರ್ಭಟವೆಲ್ಲ ಬೆದೆಗಾಲಕ್ಕಷ್ಟೇ. ಉಳಿದ ವರ್ಷವೆಲ್ಲ ಯಾವ ಹಳ್ಳಕ್ಕೆ ಇಳಿಯಬೇಕು, ಯಾವ ದಿಬ್ಬ ಹತ್ತಬೇಕು ಎಂದು ನಿಶ್ಚಯಿಸುವವರು ಮುದಿ ಹೆಂಗಸರೇ. ಕಳೆದ ಚಳಿಗಾಲದ ಹಿಮಗಾಳಿಯಲ್ಲಿ ಪಕ್ಕದ ಬಿಳಿಯನ ದನಗಳು ಗಾಳಿಗೆ ಬೆನ್ನು ಕೊಟ್ಟು ಓಡಿ, ಬೇಲಿಗೆ ಒತ್ತಿಕೊಂಡು ಸತ್ತವು. ಇವಳು ಗಾಳಿಗೆ ಮುಖ ಕೊಟ್ಟು ನಡೆದಳು, ಮಂದೆಯೆಲ್ಲ ಇವಳ ಹಿಂದೆ. ತಲೆಯಿಂದ ಹಿಮ ತಳ್ಳಿ ಅಡಿಯ ಹುಲ್ಲು ತೋರಿಸಿದಳು. ನಮ್ಮದು ಒಂದು ಕರುವೂ ಸಾಯಲಿಲ್ಲ.

ನಮಗೆ ಕಾಡೆಮ್ಮೆ ದಾನ ಕೊಡುವ ಬಿಳಿಯರ ಸಂಸ್ಥೆಯೊಂದು ಈಗ ಅವಳ ಬಾಲದ ಕೂದಲು ಕಿತ್ತು ಪರೀಕ್ಷೆ ಮಾಡಿಸಿತಂತೆ. ಅವಳಲ್ಲಿ ಒಂದಿಷ್ಟು ದನದ ರಕ್ತ ಇದೆಯಂತೆ. ಇರದೆ ಇನ್ನೇನು? ಬಿಳಿಯರು ಲಕ್ಷ ಲಕ್ಷ ಕಾಡೆಮ್ಮೆಗಳನ್ನು ಹೊಡೆದುರುಳಿಸಿ, ನಮ್ಮನ್ನು ಹಸಿವಿಗೆ ಕೆಡವಿ, ಅಳಿದುಳಿದವನ್ನು ತಮ್ಮ ದನಗಳ ಜೊತೆ ಬೆರೆಸಿದರು. ಅವರ ಮರಿಮಕ್ಕಳು ಈಗ ನಮಗೆ ಶುದ್ಧ ರಕ್ತದ ಪಾಠ ಹೇಳುತ್ತಾರೆ. ನಮ್ಮವರು ತಲೆದೂಗುತ್ತಾರೆ. ನನಗೆ ಮೈಯೆಲ್ಲ ಉರಿದುಹೋಯಿತು.

“ಮಂದೆ ಶುದ್ಧ ಆದ್ರೆ ಆ ಸಂಸ್ಥೆಯೋರು ಇನ್ನಷ್ಟು ಕಾಡೆಮ್ಮೆ ಕೊಡ್ತಾರಕ್ಕ. ಒಂದು ಮುದುಕಿ ಹೋದ್ರೆ ಏನೀಗ?” ಅಂದ ಡೆಲ್ಬರ್ಟ್.

“ನಮ್ಮ ಮುತ್ತಜ್ಜ ಐರಿಷ್ ಸಾರಾಯಿ ವ್ಯಾಪಾರಿ ಕಣೋ. ನಿನ್ನೂ ಅದೇ ಲಾರಿಗೆ ಹತ್ತಿಸ್ಲಾ?”

“ಮತ್ತೆ ಆ ಹುಡುಗಿ ವಿಷಯ ಎಳೀಬೇಡ.”

ಆ ಹುಡುಗಿ ಎಂದರೆ ನನ್ನ ಮೊಮ್ಮಗಳು ಕೈಲಿನ್. ನಮ್ಮ ಜನ ಎನಿಸಿಕೊಳ್ಳಲು ಕಾಲು ಪಾಲಾದರೂ ನಮ್ಮ ರಕ್ತ ಇರಬೇಕು. ಅಮೆರಿಕ ಸರ್ಕಾರ ಕಲಿಸಿದ ಲೆಕ್ಕ, ನಮ್ಮವರು ಬಾಯಿಪಾಠ ಮಾಡಿಕೊಂಡಿದ್ದಾರೆ. ಕೈಲಿನ್‌ಗೆ ಅದಕ್ಕಿಂತ ತುಸು ಕಡಿಮೆ. ಲಕೋಟ ಮಾತನ್ನು ಡೆಲ್ಬರ್ಟ್‌ಗಿಂತ ಚೆನ್ನಾಗಿ ಆಡುತ್ತಾಳೆ, ಹುಟ್ಟಿದಂದಿನಿಂದ ಈ ಹುಲ್ಲುಗಾವಲಲ್ಲೇ ಇದ್ದಾಳೆ, ನನ್ನ ಜೊತೆ ಮಂದೆ ಕಾಯುತ್ತಾಳೆ. ಆದರೂ ಅವಳು ನಮ್ಮವಳಲ್ಲವೆಂದು ಕೌನ್ಸಿಲಿನಲ್ಲಿ ಕೈ ಎತ್ತಿದವರಲ್ಲಿ ಇವನೂ ಒಬ್ಬ.

ಮೋಟುಕೊಂಬಿಯನ್ನು ದೊಡ್ಡಿಯ ಇಕ್ಕಟ್ಟು ಓಣಿಯಿಂದ ಲಾರಿಗೆ ಹತ್ತಿಸಿ ಅಗುಳಿ ಹಾಕಿದರು. ಉಳಿದ ಮಂದೆಯನ್ನು ಚಳಿಗಾಲದ ಹುಲ್ಲುಗಾವಲಿಗೆ ಅಟ್ಟಬೇಕಿತ್ತು. ಗೇಟು ತೆರೆದರು, ಕೂಗಿದರು, ಹಾರ್ನು ಒತ್ತಿದರು. ಒಂದೂ ಆ ಕಡೆ ಹೋಗಲಿಲ್ಲ. ಎಲ್ಲವೂ ತಿರುಗಿ ಬಂದು ಲಾರಿಯ ಪಕ್ಕದ ಬೇಲಿಗೆ ಒತ್ತಿಕೊಂಡು ಗುರುಗುಟ್ಟುತ್ತ ನಿಂತವು. ಒಳಗಿನಿಂದ ಅವಳು ಹಲಗೆಗೆ ಗುದ್ದುತ್ತಿದ್ದಳು. ಆ ಪ್ರಾಣಿಗಳಿಗೆ ಪುಣ್ಯಕ್ಕೆ ರಕ್ತ ಅಳೆಯಲು ಬರುವುದಿಲ್ಲ.

ನಾನು ಅಗುಳಿಯತ್ತ ನಡೆದೆ.

“ಅಕ್ಕಾ, ಅದನ್ನ ಮುಟ್ಟಿದ್ರೆ ನಿನ್ನ ಹಿಡಿದು ಒಳಗೆ ಹಾಕ್ಬೇಕಾಗತ್ತೆ. ಮಂದೆ ಕೆಲಸಾನೂ ಹೋಗತ್ತೆ. ಒಡಹುಟ್ಟಿದೋಳು ಅಂತ ನೋಡಲ್ಲ.”

ನೋಡುವುದಿಲ್ಲ ಎಂದು ನನಗೂ ಗೊತ್ತಿತ್ತು. ನಾನು ಜೈಲು ಸೇರಿದರೆ ಉಳಿದವನ್ನು ಕಾಯುವವರು ಯಾರು? ನಾನು ನಿಂತುಬಿಟ್ಟೆ. ಅಷ್ಟರಲ್ಲಿ ದೊಡ್ಡಿಯ ಕೆಲಸದಲ್ಲಿದ್ದ ಕೈಲಿನ್ ಆ ಬದಿಯಿಂದ ಓಣಿಯ ಕಟಕಟೆ ಹತ್ತಿ ಅಗುಳಿಗೆ ಕೈ ಹಾಕಿದ್ದಳು.

“ಇಳಿಯೇ ಕೆಳಗೆ! ಇದು ನಮ್ಮ ಜನರ ಆಸ್ತಿ. ನೀನು ನಮ್ಮೋಳಲ್ಲ.”

“ಹೌದು ತಾತ. ನೀವೇ ಕೈ ಎತ್ತಿ ಹೇಳಿದ್ರಲ್ಲ. ನಾನು ಹೊರಗಿನೋಳು. ಹೊರಗಿನೋರನ್ನ ಹಿಡಿದು ಒಳಗೆ ಹಾಕೋಕೆ ಬುಡಕಟ್ಟಿನ ಪೊಲೀಸ್ರಿಗೆ ಅಧಿಕಾರ ಇಲ್ಲ, ಬುಡಕಟ್ಟಿನ ಕೋರ್ಟಿಗೂ ಇಲ್ಲ. ಅದೂ ಕಾನೂನೇ ಅಲ್ವಾ?”

ಪೊಲೀಸರು ಡೆಲ್ಬರ್ಟನ ಮುಖ ನೋಡಿದರು. ಡೆಲ್ಬರ್ಟ್ ತನ್ನ ಬೂಟು ನೋಡಿಕೊಂಡ. ಕೈಲಿನ್ ಅಗುಳಿ ಎಳೆದಳು.

ಮೋಟುಕೊಂಬಿ ಓಣಿಯಲ್ಲಿ ಇಳಿದು, ಮಂದೆಯನ್ನು ಸೀಳಿಕೊಂಡು ಗೇಟು ದಾಟಿ ದಿಬ್ಬ ಹತ್ತಿದಳು. ಒಂದೂ ಬಿಡದೆ ಎಲ್ಲವೂ ಅವಳ ಹಿಂದೆ ಹೋದವು.

ಕೈಲಿನ್ ಕಟಕಟೆಯ ಮೇಲೆಯೇ ನಿಂತಿದ್ದಳು, ಅಳುತ್ತಿದ್ದಳು. ತಾನು ನಮ್ಮವಳಲ್ಲವೆಂದು ಮಗು ತನ್ನ ಬಾಯಿಂದಲೇ ಹೇಳಬೇಕಾಯಿತು. ಡೆಲ್ಬರ್ಟನನ್ನು ನಾನು ಸಾಯುವವರೆಗೂ ಕ್ಷಮಿಸುವುದಿಲ್ಲ.