ಮೇ ತಿಂಗಳ ಕ್ರಿಸ್‌ಮಸ್

"ಶರ್ಟು ಬದಲಿಸಿ ಬನ್ನಿ ಭಾವ, ಈಗ ಕ್ರಿಸ್‌ಮಸ್ಸು," ಎಂದು ಡಿವೀನಾ ಫೋಟೊ ತೆಗೆಯಲು ಫೋನು ಹಿಡಿದುಕೊಂಡೇ ಅಪ್ಪಣೆ ಕೊಟ್ಟಳು.

ಹೊರಗೆ ಅರಿಜೋನಾದ ಮೇ ತಿಂಗಳ ಬಿಸಿಲು. ಫಿಲಿಪೀನ್ಸಿನ ಟೀಚರುಗಳು ಬಾಡಿಗೆಗಿದ್ದ ಮನೆಯ ಹಜಾರದಲ್ಲಿ ಪ್ಲಾಸ್ಟಿಕ್ ಮರಕ್ಕೆ ದೀಪದ ಸರ ಸುತ್ತಿಯಾಗಿತ್ತು. ಅದರ ಪಕ್ಕ ಡಿವೀನಾಳ ಸಹೋದ್ಯೋಗಿ ಮರಿವಿಕ್ ಉಣ್ಣೆಯ ಸ್ವೆಟರು ತೊಟ್ಟು ಬೆವರುತ್ತ ಕುಳಿತಿದ್ದಳು. ಅವಳ ಗಂಡ ವರ್ನನ್, ಸ್ಕೂಲ್ ಬಸ್ಸಿನ ಡ್ರೈವರು, ಶರ್ಟು ಬದಲಿಸಲು ಒಳಗೆ ಹೋದ.

ಮದುವೆಯೇನೋ ನಿಜವೇ. ಫೆಬ್ರವರಿಯಲ್ಲಿ ಬೆಳಗಿನ ಟ್ರಿಪ್ಪು ಮುಗಿಸಿ ಬಂದ ವರ್ನನ್ ಅವಳನ್ನು ಕೋರ್ಟಿಗೆ ಕರೆದೊಯ್ದಿದ್ದ. ಕಾಲು ಗಂಟೆಯ ಕೆಲಸ. ಮಧ್ಯಾಹ್ನ ಅವಳು ಎಂದಿನಂತೆ ಐದನೇ ಕ್ಲಾಸಿಗೆ ಭಿನ್ನರಾಶಿ ಕಲಿಸಿದಳು. ಫೋಟೊ ಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಅವಳ ವಿನಿಮಯ ವೀಸಾ ಜೂನಿಗೆ ಮುಗಿಯುತ್ತದೆ. ಕಾಯಂ ವಾಸದ ಅರ್ಜಿ ಸೋಮವಾರವೇ ಹೋಗಬೇಕು. ಬರೀ ಸರ್ಟಿಫಿಕೇಟು ಸಾಲದು, ಮದುವೆಗೆ ಮೊದಲಿನಿಂದಲೂ ಜೊತೆಗಿದ್ದ ಫೋಟೊ ತನ್ನಿ ಎಂದಿದ್ದರು ವಕೀಲರು. ಅರ್ಜಿ ಬಿದ್ದುಹೋದರೆ ಗಂಡನನ್ನು ಬಿಟ್ಟು ವಿಮಾನ ಹತ್ತಬೇಕು. ಅದಕ್ಕೆ ಅವಳು ಹೆದರಬೇಕಿತ್ತು. ಆದರೆ ಮನಸ್ಸು, ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ ಮರಗಟ್ಟಿತ್ತು.

ವರ್ನನ್ ಕೆಂಪು ಶರ್ಟು ಹಾಕಿಕೊಂಡು ಬಂದು ಅವಳ ಪಕ್ಕ ಕುಳಿತ.

"ನಗೇ ಮಾರಾಯ್ತಿ, ಗಂಡನ ಪಕ್ಕ ಕೂತಿದ್ದೀಯೋ ಪೊಲೀಸ್ ಸ್ಟೇಷನ್ನಲ್ಲೋ!" ಎಂದು ಡಿವೀನಾ ಕ್ಲಿಕ್ಕಿಸಿದಳು. "ಹಾಂ, ಜೋಡಿ ಅಂದ್ರೆ ಇದು."

"ಕ್ರಿಸ್‌ಮಸ್ಸಿಗೆ ನಾನು ಈ ಮನೆಗೇ ಬಂದಿರ್ಲಿಲ್ಲ," ಎಂದ ವರ್ನನ್.

"ಅದೆಲ್ಲ ಯಾರು ನೋಡ್ತಾರೆ ಭಾವ?"

"ವೀಸಾ ಆಫೀಸಿನವರು ಕೇಳಿದ್ರೆ ನಾನು ಇದ್ದದ್ದನ್ನೇ ಹೇಳೋದು. ಚರ್ಚಿನ ಹೊರಗೆ ಗಾಡಿಯಲ್ಲಿದ್ದೆ ಅಂತ."

ಹಬ್ಬದ ಮುಂಚಿನ ಒಂಬತ್ತು ದಿನ ನಸುಕಿನ ಪೂಜೆ ತಪ್ಪಿಸುವವಳಲ್ಲ ಮರಿವಿಕ್. ಚರ್ಚು ನಲವತ್ತು ಮೈಲಿ ದೂರ. ಒಂಬತ್ತು ದಿನವೂ ವರ್ನನ್ನೇ ಅವಳನ್ನೂ ಡಿವೀನಾಳನ್ನೂ ಕರೆದೊಯ್ದಿದ್ದ. ತನ್ನದಲ್ಲದ ಚರ್ಚೆಂದು ಒಳಗೆ ಕಾಲಿಡದೆ ಹೊರಗೇ ಕಾದಿದ್ದ. ಅದರ ಫೋಟೊ ಯಾರೂ ತೆಗೆದಿರಲಿಲ್ಲ.

"ಅಳಿಸಿಬಿಡಿ ಅಕ್ಕ," ಎಂದಳು ಮರಿವಿಕ್.

"ತಲೆ ಕೆಟ್ಟಿದ್ಯಾ? ಸೋಮವಾರ ಏನು ಕೊಡ್ತೀಯ?"

"ನಡೆದದ್ದನ್ನೇ ಬರೆದು ಕೊಡ್ತೀನಿ," ಎಂದು ಮರಿವಿಕ್ ಮಕ್ಕಳ ನೋಟ್‌ಬುಕ್ಕುಗಳ ರಾಶಿಯಿಂದ ಒಂದು ಖಾಲಿ ಹಾಳೆ ಎಳೆದುಕೊಂಡಳು. ಡಿಸೆಂಬರ್ ಹದಿನಾರು, ಬೆಳಗಿನ ಜಾವ ಮೂರೂವರೆ, ಎಂದು ಬರೆದಳು. ಮುಂದಿನದು ತೋಚಲಿಲ್ಲ. ಪೂಜೆಯ ಹಾಡುಗಳು ನೆನಪಿದ್ದವು, ಹೊರಗಿನದು ಅವಳಿಗೇನು ಗೊತ್ತು?

"ಗಾಡಿಯ ಹೀಟರ್ ಕೆಟ್ಟಿತ್ತು," ಎಂದ ವರ್ನನ್. "ಮೂರನೇ ದಿನ ಗಾಜಿನ ಮೇಲೆ ಹಿಮ ಕಟ್ಟಿತ್ತು."

ಅವಳು ಬರೆದಳು.

"ನೀನು ದಿನಾ ಚರ್ಚಿಂದ ಒಂದು ಅಕ್ಕಿ ಕೇಕು ತರ್ತಿದ್ದೆ, ಪೇಪರಲ್ಲಿ ಸುತ್ಕೊಂಡು. ನನಗೆ ಅಂತ."

"ಹೌದು."

"ಗಾಡಿಗೆ ಬರೋ ದಾರೀಲೇ ನೀನೇ ಅರ್ಧ ತಿಂದಿರ್ತಿದ್ದೆ."

ಪೆನ್ನು ನಿಂತಿತು. ಸ್ವೆಟರಿನ ಸೆಕೆ ಅವಳಿಗೆ ಆಗಷ್ಟೇ ತಾಕಿತು.

"ಅದನ್ನೂ ಬರೀಲಾ?"

"ಬರಿ. ಒಂಬತ್ತು ದಿನವೂ."

ಡಿವೀನಾ ಆ ಫೋಟೊ ಅಳಿಸಿ ಫೋನನ್ನು ಕವುಚಿಟ್ಟಳು. "ಸಾಕ್ಷಿ ಅಂತ ನನ್ನ ಹೆಸರೂ ಹಾಕು," ಎಂದು ಗೊಣಗಿ, ಮರದ ಹಿಂದೆ ಬಗ್ಗಿ ದೀಪದ ಪ್ಲಗ್ಗು ಕಿತ್ತಳು.