ಹಾಸ್ಟೆಲ್ಲಿನ ಆರು ಹಸಿರು ದೀಪಗಳು

ನನ್ನ ಸೊಸೆ ದೀಪಿಕಾ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಅಂಗಡಿ ಇಟ್ಟುಕೊಂಡು ವೈಫೈ ಹಾಕಿಕೊಡುವ ಕೆಲಸ ಮಾಡುತ್ತಾಳೆ. ಅಮೃತೂರಿನ ಹೆಣ್ಣುಮಕ್ಕಳ ಹಾಸ್ಟೆಲ್ ಅವಳು ಒಬ್ಬಳೇ ಹಿಡಿದ ಮೊದಲ ದೊಡ್ಡ ಕೆಲಸ. ಚಾವಣಿಗೆ ಆರು ವೈಫೈ ಪೆಟ್ಟಿಗೆ ಕೂರಿಸಿದಳು, ಒಂದಕ್ಕೂ ಬೇರೆ ಕರೆಂಟು ವೈರ್ ಎಳೆಯಲಿಲ್ಲ. ಆಫೀಸಿನಲ್ಲಿ ಒಂದು ದೊಡ್ಡ ಪೆಟ್ಟಿಗೆ ಇಟ್ಟಳು. ಅದಕ್ಕೆ ಮನೆಯಲ್ಲಿ ನಾವು ಇಟ್ಟ ಹೆಸರು ತಾಯಿಪೆಟ್ಟಿಗೆ. ಅದರಿಂದ ಹೊರಟ ನೆಟ್‌ವರ್ಕ್ ಕೇಬಲ್ಲಿನಲ್ಲೇ ಇಂಟರ್ನೆಟ್ಟೂ ಹೋಗುತ್ತದೆ, ಕರೆಂಟೂ ಹೋಗುತ್ತದೆ.

ಆದರೆ ದಿನಾ ಸಂಜೆ, ಮಕ್ಕಳು ಓದಲು ಕೂರುವ ಹೊತ್ತಿಗೆ, ಆರೂ ಸತ್ತುಹೋಗುತ್ತಿದ್ದವು. ಬೆಳಿಗ್ಗೆ ಬಂದು ನೋಡಿದರೆ ಎಲ್ಲಾ ಸರಿ. ಕಾರ್ಯದರ್ಶಿ ಮಹಾಲಿಂಗಯ್ಯನವರು ಫೋನಿನಲ್ಲೇ ಹೇಳಿಬಿಟ್ಟರು: "ಆ ದಾರದಂಥ ತಂತೀಲಿ ಕರೆಂಟು ಎಲ್ಲಿ ಬರುತ್ತಮ್ಮ? ಇವತ್ತೂ ನಿಂತರೆ ನಾಳೆ ಎಲ್ಲಾ ಬಿಚ್ಚಿಸಿ ಬೇರೆಯವರಿಗೆ ಕೊಡ್ತೀನಿ."

ಅವತ್ತು ಸಂಜೆ ನಾನೂ ಜೊತೆಗೆ ಹೋದೆ. ಆರೂವರೆಗೆ ಪ್ರಾರ್ಥನೆ ಶುರುವಾಯಿತು. ದೇವರ ಮುಂದಿನ ದೀಪ ಬಿಟ್ಟು ಉಳಿದ ಬೆಳಕೆಲ್ಲ ಆರಿಸುವುದು ಅಲ್ಲಿನ ಪದ್ಧತಿ. ಹಜಾರದ ಪೆಟ್ಟಿಗೆಯ ಹಸಿರು ದೀಪವೂ ಆಗಲೇ ಆರಿತು. ದೀಪಿಕಾ ಮೇಲಿನ ಮಹಡಿಗಳಿಗೆ ಓಡಿ ನೋಡಿದರೆ ಉಳಿದ ಐದೂ ಆರಿದ್ದವು.

"ಒಂದು ಆರಿದ್ರೆ ಕೇಬಲ್ಲಿನ ತಪ್ಪು, ಅತ್ತೆ. ಆರೂ ಆರಿದ್ರೆ ತಾಯಿಪೆಟ್ಟಿಗೆ ನೋಡ್ಬೇಕು," ಎಂದು ದೀಪಿಕಾ ಆಫೀಸಿಗೆ ಓಡಿದಳು. ಬಾಗಿಲಲ್ಲಿ ಅಡುಗೆಯ ಕೊಲ್ಲಾಪುರಮ್ಮ ಎದುರಾದರು.

"ಇಲ್ಲೂ ಆರಿಸಿದ್ರಾ, ಕೊಲ್ಲಾಪುರಮ್ಮನೋರೇ?"

"ಹೂಂ ಕಣವ್ವ, ಪ್ಲಗ್ಗೂವೆ. ಪ್ರಾರ್ಥನೆ ಮುಗಿದ್ ಮ್ಯಾಲೆ ಲೈಟು ಹಾಕ್ತೀನಿ. ಪ್ಲಗ್ಗು ಬೆಳಿಗ್ಗೆ ಕ್ಲರ್ಕು ಬಂದು ಹಾಕ್ತಾರೆ, ಆಫೀಸ್ನಾಗೆ ರಾತ್ರಿ ಯಾರಿರ್ತಾರೆ?" ಎಂದವರು ಅವಳ ಮುಖ ನೋಡಿ ಬಾಯಿಗೆ ಸೆರಗು ಹಿಡಿದರು. "ಅಯ್ಯೋ, ನನ್ನಿಂದ್ಲಾ? ಸಾಹೇಬ್ರಿಗೆ ಹೇಳ್ಬ್ಯಾಡವ್ವ."

ದೀಪಿಕಾ ಅವರ ಕೈ ಒಮ್ಮೆ ಒತ್ತಿದಳು. ಕಂಪ್ಯೂಟರಿಗೆಂದು ಮೇಜಿನ ಹಿಂದೆ, ಯಾರೂ ಆರಿಸದ ಪ್ಲಗ್ಗಿನಲ್ಲಿದ್ದ ಬ್ಯಾಟರಿಯ ಯುಪಿಎಸ್‌ಗೆ ತಾಯಿಪೆಟ್ಟಿಗೆಯನ್ನೂ ಇಂಟರ್ನೆಟ್ ಲೈನಿನ ಡಬ್ಬಿಯನ್ನೂ ಸಿಕ್ಕಿಸಿದಳು. ಪ್ರಾರ್ಥನೆ ಮುಗಿಸಿ ಬಂದ ಮಹಾಲಿಂಗಯ್ಯನವರಿಗೆ, "ತಪ್ಪು ನಂದೇ ಸಾರ್. ಎಲ್ಲರ ಕೈಗೆ ಸಿಗೋ ಪ್ಲಗ್ಗಿಗೆ ಹಾಕಿದ್ದೆ, ಈಗ ಬದಲಾಯಿಸಿದೀನಿ," ಎಂದಳು. ಕೊಲ್ಲಾಪುರಮ್ಮನ ಹೆಸರೆತ್ತಲಿಲ್ಲ.

"ನೋಡೋಣ," ಎಂದರು ಅವರು, ನಂಬದ ದನಿಯಲ್ಲಿ.

ಏಳೂವರೆಗೆ ಊರಿಗೆ ಊರೇ ಕರೆಂಟು ಹೋಯಿತು. ಕತ್ತಲ ಹಜಾರದಲ್ಲಿ ಹಸಿರು ದೀಪ ಮಾತ್ರ ಉರಿಯುತ್ತಿತ್ತು. ಮೊಬೈಲಿನಲ್ಲಿ ಗಣಿತದ ಪಾಠ ನೋಡುತ್ತಿದ್ದ ಹುಡುಗಿಯರು ತಲೆಯೇ ಎತ್ತಲಿಲ್ಲ. ಮಹಾಲಿಂಗಯ್ಯನವರು ಟಾರ್ಚು ಹಿಡಿದು ಮೂರು ಮಹಡಿ ಹತ್ತಿ ಆರನ್ನೂ ಎಣಿಸಿ ಬಂದರು.

"ಇದಕ್ಕೆಲ್ಲಿಂದ ಬಂತಮ್ಮ ಕರೆಂಟು?"

"ಆ ದಾರದಂಥ ತಂತೀಲೇ ಸಾರ್."

ಅವರು ಜೋರಾಗಿ ನಕ್ಕರು. "ಬಿಚ್ಚೋದು ಬೇಡ ಬಿಡು. ಕುಣಿಗಲ್ ಹಾಸ್ಟೆಲ್ಲಿಗೂ ನೀನೇ ಬಂದು ಹಾಕ್ಬೇಕು."

ಹೊರಡುವಾಗ ಕೊಲ್ಲಾಪುರಮ್ಮ ಅವಳ ಚೀಲಕ್ಕೆ ತಂಬಿಟ್ಟಿನ ಪೊಟ್ಟಣ ತುರುಕಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಮಗಳಾ ಅಮ್ಮಾವ್ರೇ?" ಎಂದರು.

ಸೊಸೆ ಅನ್ನಲು ಹೋದವಳು ಹೂಂ ಎಂದುಬಿಟ್ಟೆ.