ಅರ್ಜಿಯ ಏಳನೆಯ ಸಾಲು

ಒದ್ದೆ ಅರಿವೆಯಿಂದ ಒರೆಸಿದ ಪಾಟಿಯ ವಾಸನೆ ಎಪ್ಪತ್ತು ದಾಟಿದ ಮೇಲೂ ಅಂಬಾಬಾಯಿಯ ಮೂಗಿನಲ್ಲಿ ಉಳಿದಿತ್ತು. ವಿಜಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ನಲವತ್ತು ಪಾಟಿಗಳನ್ನು ಕಟ್ಟೆಯ ಮೇಲೆ ಸಾಲಾಗಿ ಒಣಗಲಿಕ್ಕೆ ಇಡುತ್ತಿದ್ದರು. ಕಲ್ಲು, ಬಳಪ, ತುಸು ಎಂಜಲು, ತೇವ, ಎಲ್ಲ ಕೂಡಿದ ತಂಪು ವಾಸನೆ. ಈ ಜೂನ್ ತಿಂಗಳಲ್ಲಿ ಪುಣೆಯ ಬಿಬವೇವಾಡಿಯ ಇಂಗ್ಲಿಷ್ ಶಾಲೆಯ ಬಾಗಿಲಿಗೆ ಹೋದಾಗ ಒಳಗೆ ಯಾರೋ ಕರಿಹಲಗೆ ಒರೆಸುತ್ತಿದ್ದರು, ಅದೇ ವಾಸನೆ ಬಂದಿತ್ತು. ಅಂಬಾಬಾಯಿಗೆ ಒಳಗೊಳಗೇ ಹಿಗ್ಗು. ಆ ಹಿಗ್ಗಿನಲ್ಲೇ ಅನುಸೂಯಾಳ ಪ್ರವೇಶದ ಅರ್ಜಿಯನ್ನು ತುಂಬಿಕೊಟ್ಟಿದ್ದರು, ಒಂದಕ್ಷರ ಚಿತ್ತಿಲ್ಲದೆ.

ಅನುಸೂಯಾ ಅವರಿಗೆ ಬಂಧುವೂ ಅಲ್ಲ, ಬಳಗವೂ ಅಲ್ಲ. ಅವರ ಸೊಸೈಟಿಯ ಗೋಡೆಯಾಚೆ ಹನ್ನೆರಡು ಮಹಡಿಯ ಕಟ್ಟಡ ಏಳುತ್ತಿತ್ತು. ಶಹಾಪುರದ ಕಡೆಯಿಂದ ಬಂದ ಭೀಮಣ್ಣ ಅಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದ. ಅವನ ಹೆಂಡತಿ ಯಂಕವ್ವ ಬುಟ್ಟಿಯಲ್ಲಿ ಉಸುಕು ಹೊರುತ್ತಿದ್ದಳು. ಹನ್ನೊಂದು ವರ್ಷದ ಮಗಳು ತಗಡಿನ ಶೆಡ್ಡಿನ ಮುಂದೆ ಕೂತು, ಊರಿನಿಂದ ತಂದ ನಾಲ್ಕನೆಯ ತರಗತಿಯ ಪುಸ್ತಕವನ್ನು ತೊಡೆಯ ಮೇಲಿನ ಕೂಸಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಆ ಕನ್ನಡ ಕಿವಿಗೆ ಬಿದ್ದೇ ಅಂಬಾಬಾಯಿ ಎರಡು ಮಹಡಿ ಇಳಿದು ಹೋಗಿದ್ದು. ಇಷ್ಟು ಚೆಂದ ಓದುವ ಹುಡುಗಿ ಶಾಲೆ ತಪ್ಪಿಸಿಕೊಳ್ಳಬಾರದು ಎಂದು ತಾವೇ ಮುಂದೆ ನಿಂತು ಐದನೆಯ ತರಗತಿಗೆ ಹೆಸರು ಹಚ್ಚಿಸಿದ್ದರು.

ಆಮೇಲೆ ಅವರ ಮೊಣಕಾಲಿನ ಆಪರೇಶನ್ ಆಯಿತು. ಎರಡೂವರೆ ತಿಂಗಳು ಹೊರಗೆ ಕಾಲಿಡಲಿಲ್ಲ. ಗಣಪತಿ ಕಳಿಸಿದ ಮರುವಾರ ಒಂದು ಬೆಳಿಗ್ಗೆ ಯಂಕವ್ವ ಮಗಳ ಕೈಹಿಡಿದುಕೊಂಡು ಬಾಗಿಲಿಗೆ ಬಂದಳು. ಕೈಯಲ್ಲಿ ಶಾಲೆಯ ಚೀಟಿ.

"ಬಾಯಾರ, ಇದೇನ್ ಬರದಾರ ನೋಡ್ರಿ. ಇಕಿಗಿ ಓದ್ಲಾಕ ಬರಲ್ಲಂತ."

ಚೀಟಿ ಮರಾಠಿಯಲ್ಲಿತ್ತು. ಅಂಬಾಬಾಯಿ ಒಮ್ಮೆ ಓದಿದರು, ಮತ್ತೊಮ್ಮೆ ಓದಿದರು. ಮಗು ವರ್ಗದಲ್ಲಿ ಬಾಯಿ ಬಿಡುವುದಿಲ್ಲ, ಏನು ಕೇಳಿದರೂ ಉತ್ತರವಿಲ್ಲ. ಮುಂದಿನ ಸೋಮವಾರದಿಂದ ಎರಡನೆಯ ತರಗತಿಯಲ್ಲಿ ಕೂರಿಸಲಾಗುವುದು. ಪಾಲಕರು ಬಂದು ಸಹಿ ಮಾಡಬೇಕು.

"ಎರಡನೇತ್ತೇಕ ಕೂಡಸ್ತಾರಂತ, ಯಂಕವ್ವಾ."

"ಚಿಕ್ಕಚಿಕ್ಕ ಹುಡುಗರ ಜೋಡಿ? ಇಷ್ಟುದ್ದ ಹುಡುಗಿ?" ಯಂಕವ್ವ ಮಗಳನ್ನು ಕಾಲಿನಿಂದ ತಲೆತನಕ ನೋಡಿದಳು. "ಹಂಗಾದ್ರ ಮುಗೀತು ಬಿಡ್ರಿ. ಇವರಪ್ಪ ಮೊದಲ ಅಂತಿದ್ದ, ರಾಂಜಣಗಾಂವದಾಗ ಕೆಲಸ ಬಂದದ, ಎಲ್ಲಾರೂ ಹೋಗಮು, ಇಕಿ ಕೂಸಿನ್ ಹಿಡ್ಕೊಂಡು ಕೂಡ್ತಾಳ ಅಂತ. ಶಾಲಿ ಸಲ್ಯಾಕ ನಾನೇ ಒಲ್ಲೆ ಅಂದಿದ್ದೆ. ಈಗೇನಂತ ಒಲ್ಲೆ ಅನ್ಲಿ?"

ಅಷ್ಟು ಹೇಳಿ ಅವಳು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಅಂಬಾಬಾಯಿ ಹುಡುಗಿಯನ್ನು ಒಳಗೆ ಕರೆದರು. "ಯಾಕವ್ವಾ, ನನ್ನ ಮುಂದ ಅರಳು ಹುರದಂಗ ಮಾತಾಡ್ತಿದ್ದಿ. ಅಲ್ಲಿ ಟೀಚರ್ ಕೇಳಿದ್ರ ಬಾಯಿ ಯಾಕ ಬಿಡೂದಿಲ್ಲ?"

ಅನುಸೂಯಾ ಕಾಲಬೆರಳಿನಿಂದ ಫರಸಿಯನ್ನು ಒತ್ತುತ್ತ ನಿಂತಳು. "ನೀವೇ ಹೇಳಿದ್ರೆಲ್ಲ, ಆಯಿ."

"ನಾ ಏನ್ ಹೇಳೀನಿ?"

"ಶಾಲ್ಯಾಗ ಕನ್ನಡ ತೆಗೀಬ್ಯಾಡ, ಮರಾಠಿ ಅಂತ ಬರದೀನಿ ಅಂತ. ನಾ ಬಾಯಿ ತೆಗದ್ರ ಕನ್ನಡನೇ ಬರ್ತದರಿ. ಅದಕ್ಕ ತೆಗೀಲಿಲ್ಲ."

ಆ ಮಾತಿನಲ್ಲಿ ದೂರು ಇರಲಿಲ್ಲ. ಹೇಳಿದ ಕೆಲಸ ಮಾಡಿದವರ ಸಮಾಧಾನವೇ ಇತ್ತು.

ಅರ್ಜಿಯ ಏಳನೆಯ ಸಾಲಿನಲ್ಲಿ ಮಾತೃಭಾಷೆ ಎಂದಿತ್ತು. ಅಂಬಾಬಾಯಿಯ ಪೆನ್ನು ಮರಾಠಿ ಎಂದು ಬರೆದು ಎಂಟನೆಯ ಸಾಲಿಗೆ ಹೋಗಿತ್ತು. ಯೋಚಿಸಿ ಬರೆದದ್ದಲ್ಲ, ಹಳೆಯ ರೂಢಿ. ಮೂವತ್ತೈದು ವರ್ಷದ ಹಿಂದೆ ಮಗ ರೋಹಿತನನ್ನು ಬಾಲವಾಡಿಗೆ ಹಾಕುವಾಗ ಕನ್ನಡ ಎಂದು ಬರೆದಿದ್ದರು. ಹುಡುಗ ವರ್ಷವಿಡೀ ಹಿಂದಿನ ಬೆಂಚಿನಲ್ಲಿ ಕೂತ, ದಕ್ಷಿಣದವರನ್ನು ಹಂಗಿಸುವ ಯಂಡುಗುಂಡು ಎಂಬ ಹೆಸರು ಅನ್ನಿಸಿಕೊಂಡು ಅಳುತ್ತ ಬಂದ. ಮರುವರ್ಷ ಬೇರೆ ಶಾಲೆ. ಯಜಮಾನರು ಮರಾಠಿ ಎಂದು ಬರೆದರು. ಕುಲಕರ್ಣಿ ಎಂಬ ಅಡ್ಡಹೆಸರು ಉಳಿದ ಕೆಲಸ ಮಾಡಿತು, ಯಾರೂ ಏನೂ ಕೇಳಲಿಲ್ಲ. ಅವರ ಪರಿಚಯದ ಜೋಶಿಯವರು, ದೇಶಪಾಂಡೆಯವರು ಎಲ್ಲರ ಮನೆಯಲ್ಲೂ ಇದೇ ನಡೆದಿತ್ತು. ಮನೆಯೊಳಗೆ ಕನ್ನಡ, ಕಾಗದದ ಮೇಲೆ ಮರಾಠಿ. ಆದರೆ ರೋಹಿತ ಓಣಿಯಲ್ಲಿ ಆಡುತ್ತ ಮರಾಠಿ ಕಲಿತಿದ್ದ. ಮೊನ್ನೆ ಮೊನ್ನೆ ಊರಿನಿಂದ ಬಂದ ಈ ಹುಡುಗಿಗೆ ಅದರ ಒಂದು ಮಾತೂ ಬಾರದು ಎಂಬುದು ಅಂದು ಅವರ ತಲೆಗೆ ಬರಲೇ ಇಲ್ಲ. ಮೇಲಾಗಿ ಮಹಾ ತಿಳಿದವರ ಹಾಗೆ ಬುದ್ಧಿವಾದ ಬೇರೆ ಹೇಳಿ ಕಳಿಸಿದ್ದರು.

"ನಡಿ ಯಂಕವ್ವಾ, ಹೋಗೂಣು," ಎಂದು ಕೋಲು ಹಿಡಿದು ಹೊರಬಂದರು.

"ನಿಮ್ಮ ಕಾಲು ಬಾಯಾರ?"

"ಕಾಲು ಇರ್ಲಿ. ರಿಕ್ಷಾ ಮಾಡೂಣು."

ಶಾಲೆಯ ಮೊದಲನೆಯ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಹತ್ತೆಂಟು ಮಕ್ಕಳು ಒಂದೇ ಚಾಪೆಯ ಮೇಲೆ ಸುತ್ತ ಕೂತಿದ್ದರು. ಬಿಹಾರದವರು, ಒಡಿಶಾದವರು, ನೇಪಾಳದ ಇಬ್ಬರು ಅಕ್ಕತಂಗಿಯರು. ಟೀಚರ್ ಚಿತ್ರದ ಚೀಟಿ ಎತ್ತಿ ಹಿಡಿದರೆ ಎಲ್ಲರೂ ಕೂಡಿ ಇಂಗ್ಲಿಷಿನಲ್ಲಿ ಹೆಸರು ಹೇಳುತ್ತಿದ್ದರು. ಮಧ್ಯೆ ಒಬ್ಬ ತನ್ನ ಭಾಷೆಯಲ್ಲಿ ಹೇಳಿದ. ಯಾರೂ ನಗಲಿಲ್ಲ. ಟೀಚರ್ ಅದನ್ನೂ ಒಮ್ಮೆ ತಾನೂ ಅಂದು ನೋಡಿ, ಆಮೇಲೆ ಇಂಗ್ಲಿಷ್ ಹೇಳಿಕೊಟ್ಟಳು. ಅನುಸೂಯಾ ಬಾಗಿಲ ಚೌಕಟ್ಟಿಗೆ ಆತುಕೊಂಡು ಅದನ್ನೇ ನೋಡುತ್ತಿದ್ದಳು. ದಿನಾ ಹೀಗೇ ನೋಡಿ ಮುಂದೆ ಹೋಗುತ್ತಿದ್ದಳೆಂದು ಅವಳು ನಿಂತ ರೀತಿಯಲ್ಲೇ ತಿಳಿಯಿತು.

ಗಂಟೆ ಹೊಡೆದ ಮೇಲೆ ಟೀಚರ್ ಹೊರಬಂದಳು. ಸ್ನೇಹಲ್ ಎಂದು ಹೆಸರು, ಮೂವತ್ತರ ಒಳಗಿನ ವಯಸ್ಸು. ಐದನೆಯ ತರಗತಿಯೂ ಅವಳದೇ. ಮಾತೆಲ್ಲ ಮರಾಠಿಯಲ್ಲಿ ನಡೆಯಿತು. ಯಂಕವ್ವ ಕಂಬದ ಬದಿಗೆ ನಿಂತು ಎಲ್ಲರ ಮುಖಗಳನ್ನಷ್ಟೇ ನೋಡುತ್ತಿದ್ದಳು.

"ಬರವಣಿಗೆ ಮುತ್ತಿನಂತಿದೆ, ಆಜೀ," ಎಂದಳು ಸ್ನೇಹಲ್. "ಹಲಗೆ ನೋಡಿ ಚಾಚೂ ತಪ್ಪದೆ ಬರೆಯುತ್ತಾಳೆ. ಲೆಕ್ಕ ಸರಿ ಮಾಡುತ್ತಾಳೆ. ಬಾಯಿ ಮಾತ್ರ ಇಲ್ಲ. ಮನೆಯಲ್ಲಿ ಏನಾದರೂ ಹೆದರಿಕೆ ಇದೆಯೇನೋ ಎಂದು ನನ್ನ ಮೇಜಿನ ಹತ್ತಿರವೇ ಕೂರಿಸಿಕೊಂಡೆ. ಒಂದು ದಿನವೂ ದನಿ ಏರಿಸಿಲ್ಲ. ಇಂಗ್ಲಿಷಿನಲ್ಲಿ ಹೇಳಿದ್ದನ್ನು ಇವಳಿಗಾಗಿಯೇ ಮೂರು ಮೂರು ಸಲ ಮರಾಠಿಯಲ್ಲಿ ಬಿಡಿಸಿ ಹೇಳಿದ್ದೇನೆ. ಪಕ್ಕದ ಹುಡುಗಿ ಪಾಠದ ಸಾಲಿನ ಕೆಳಗೆ ಬೆರಳಿಟ್ಟು ತೋರಿಸುತ್ತಾಳೆ, ಪಾಪ. ಆದರೂ ಇಲ್ಲ."

"ಈ ಚಾಪೆಯ ವರ್ಗಕ್ಕೆ ಇವಳನ್ನು ಯಾಕೆ ಸೇರಿಸಲಿಲ್ಲ?"

"ಅದು ಹೊರಗಿನಿಂದ ಹೊಸದಾಗಿ ಬಂದವರಿಗೆ, ಆಜೀ. ಅರ್ಜಿಯಲ್ಲಿ ಮಾತೃಭಾಷೆ ನೋಡಿ ಪಟ್ಟಿ ಮಾಡುತ್ತೇವೆ. ಇವಳದು ಮರಾಠಿ."

"ಇವಳಿಗೆ ಮರಾಠಿ ಬರುವುದಿಲ್ಲ. ಇವಳದು ಕನ್ನಡ."

ಸ್ನೇಹಲ್ ಹುಡುಗಿಯ ಕಡೆಗೆ ತಿರುಗಿದಳು. ಮೂರು ಮೂರು ಸಲ ಬಿಡಿಸಿ ಹೇಳಿದ್ದು ಅವಳಿಗೆ ನೆನಪಾಗುತ್ತಿದ್ದಿರಬೇಕು. ಆಮೇಲೆ ಅವಳ ಮುಖ ಕೆಂಪಾಯಿತು. "ಮತ್ತೆ ಮರಾಠಿ ಅಂತ ಹೇಗೆ ಬಂತು? ಆಫೀಸಿನ ಪವಾರರದೇ ಕೆಲಸ ಇದು. ಹೋದ ವರ್ಷವೂ ಎರಡು ಅರ್ಜಿ ಹೀಗೇ ಮಾಡಿದ್ದರು. ಈ ಸಲ ಹೆಡ್‌ಮಿಸ್ಟ್ರೆಸ್ ಬಾಯಿಯವರಿಗೆ ಹೇಳದೆ ಬಿಡುವುದಿಲ್ಲ." ಅಷ್ಟು ಹೇಳಿ ಆಫೀಸಿನ ಕಡೆಗೆ ಕೂಗಿ ಕರೆದಳು.

ಕ್ಲಾರ್ಕ್ ಪವಾರ ಫೈಲು ಕಂಕುಳಲ್ಲಿಟ್ಟುಕೊಂಡು ಬಂದರು. ನಿವೃತ್ತಿಗೆ ಒಂದೆರಡು ವರ್ಷ ಇದ್ದವರಂತೆ ಕಾಣುತ್ತಿದ್ದರು. ಕೋಲು ಹಿಡಿದು ನಿಂತ ಅಂಬಾಬಾಯಿಯನ್ನು ಕಂಡವರೇ ಹಿಂದೆ ತಿರುಗಿ ಒಳಗಿನಿಂದ ಕುರ್ಚಿ ತಂದರು. ಜೂನ್ ತಿಂಗಳಲ್ಲೂ ಹೀಗೇ ಕುರ್ಚಿ ತಂದು, ಫ್ಯಾನಿನ ಕೆಳಗೆ ಹಾಕಿ ಕೊಟ್ಟಿದ್ದರು. ಆಮೇಲೆ ಫೈಲು ಬಿಚ್ಚಿ, ಸ್ನೇಹಲ್ ಹೇಳಿದ್ದೆಲ್ಲ ಕೇಳಿ, ಏಳನೆಯ ಸಾಲಿನ ಮೇಲೆ ಬೆರಳಿಟ್ಟರು.

"ಇದೆಯಲ್ಲ, ಮರಾಠಿ ಅಂತಲೇ ಇದೆ," ಎಂದರು. ಬೆರಳು ತೆಗೆಯದೆಯೇ, "ಅಂದು ಗದ್ದಲ ಬಹಳ ಇತ್ತು ಮ್ಯಾಡಮ್. ಕೆಲವರಿಗೆ ನಾನೇ ತುಂಬಿ ಕೊಟ್ಟೆ. ನನ್ನಿಂದಲೇ ಆಗಿರಬೇಕು," ಎಂದರು.

ಅಂಬಾಬಾಯಿ ಕುರ್ಚಿಯಲ್ಲಿ ಕೂತು ತಮ್ಮದೇ ಅಕ್ಷರಗಳನ್ನು ನೋಡಿದರು. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ಬರೆದ ಕೈ. ಸುಮ್ಮನಿದ್ದರೆ ಸಾಕಿತ್ತು. ಹುಡುಗಿಗೆ ಚಾಪೆಯ ಮೇಲೆ ಜಾಗ ಸಿಗುತ್ತಿತ್ತು, ಚೀಟಿ ರದ್ದಾಗುತ್ತಿತ್ತು, ಯಂಕವ್ವನ ಕಣ್ಣಿನಲ್ಲಿ ತಾವು ದೊಡ್ಡವರಾಗುತ್ತಿದ್ದರು. ಪವಾರರಿಗೆ ಎರಡು ಮಾತು ಬೀಳುತ್ತಿತ್ತು, ಅಷ್ಟೇ. ಆ ಮನುಷ್ಯ ಎರಡು ಮಾತು ಕೇಳಿಕೊಳ್ಳಲು ಆಗಲೇ ತಲೆ ತಗ್ಗಿಸಿ ತಯಾರಾಗಿದ್ದರು. ಅದನ್ನು ನೋಡಲಾಗಲಿಲ್ಲ.

"ಇವರದಲ್ಲ. ಅದು ನನ್ನ ಅಕ್ಷರ," ಎಂದರು. "ಇವಳದು ಕನ್ನಡ ಎಂದು ಗೊತ್ತಿದ್ದೇ ಬರೆದೆ. ಶಾಲೆಯಲ್ಲಿ ಕನ್ನಡ ಮಾತಾಡಬೇಡ ಎಂದು ಹುಡುಗಿಗೆ ಹೇಳಿದವಳೂ ನಾನೇ. ಅವಳು ಬಾಯಿ ಮುಚ್ಚಿಕೊಂಡದ್ದು ಅದಕ್ಕೇ."

"ಯಾಕೆ, ಆಜೀ?"

"ನನ್ನ ಮಗನಿಗೆ ಹಾಗೆ ಮಾಡಿ ಒಳ್ಳೆಯದಾಗಿತ್ತು."

"ನೀವು ಕನ್ನಡದವರೇ?" ಸ್ನೇಹಲ್ ನಂಬದವಳಂತೆ ಕೇಳಿದಳು.

"ಹೌದು. ಪುಣೆಗೆ ಬಂದು ನಲವತ್ತಾರು ವರ್ಷವಾಯಿತು."

ಸ್ನೇಹಲ್ ಬೈಯಲಿಲ್ಲ. "ಮೂರು ತಿಂಗಳು, ಆಜೀ," ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಎಂದು ಅಂಬಾಬಾಯಿಗೆ ಅನಿಸಿತು. ಸ್ನೇಹಲ್ ಕೈಯಲ್ಲಿದ್ದ ವಹಿಯನ್ನು ತೆರೆದು ನೋಡಿ ಮತ್ತೆ ಮುಚ್ಚಿದಳು. "ಇವಳ ಹೆಸರಿನ ಮುಂದೆ ನಾನು ಮಂದ ಎಂದು ಬರೆದಿದ್ದೇನೆ. ಆ ಪದವನ್ನು ನಾನೂ ಹೊಡೆದು ಹಾಕಬೇಕು."

ಅವಳು ಚಾಪೆಯ ಮೇಲಿನ ಚಿತ್ರದ ಚೀಟಿಗಳನ್ನು ತಂದು ಅನುಸೂಯಾಳ ಎದುರು ಮೊಣಕಾಲೂರಿ ಕೂತಳು. ಮೊದಲನೆಯ ಚೀಟಿ ಎತ್ತಿದಳು. ಹುಡುಗಿ ತುಟಿ ಬಿಗಿದುಕೊಂಡು ಅಂಬಾಬಾಯಿಯ ಕಡೆ ನೋಡಿದಳು. ಅಪ್ಪಣೆ ಕೇಳುವ ಆ ನೋಟ ಅವರ ಎದೆಗೆ ನಾಟಿತು.

"ಹೇಳವ್ವಾ. ನಾ ಅವತ್ತ ಹೇಳಿದ್ದು ತಪ್ಪು. ನಿನಗ ಹ್ಯಾಂಗ ಬರ್ತದ ಹಂಗ ಹೇಳು."

"ಗುಬ್ಬಿ," ಎಂದಳು ಅನುಸೂಯಾ. ಮೂರು ತಿಂಗಳಲ್ಲಿ ಆ ಶಾಲೆ ಕೇಳಿದ ಅವಳ ಮೊದಲ ದನಿ.

"ಗುಬ್ಬಿ," ಎಂದಳು ಸ್ನೇಹಲ್, ತನ್ನ ನಾಲಿಗೆಯಲ್ಲಿ ತಿರುಗಿಸಿ ನೋಡುತ್ತ. "ಸ್ಪ್ಯಾರೋ."

"ಗೊತ್ತದ," ಎಂದು ಅನುಸೂಯಾ ಅಂಬಾಬಾಯಿಗೆ ಹೇಳಿದಳು. "ಬಾಗಿಲ್ದಾಗ ನಿಂತು ಕೇಳೀನಿ." ಮುಂದಿನ ಚೀಟಿಗಳಿಗೆ ಅವಳೇ ಇಂಗ್ಲಿಷ್ ಹೇಳಿದಳು, ಪಿಸುದನಿಯಲ್ಲಿ. ಬಕೆಟ್, ಲ್ಯಾಡರ್, ಮಂಕಿ. ಆಮೆಗೆ ಫಿಶ್ ಎಂದಳು, ಕೊಡೆ ಬರಲಿಲ್ಲ, ಚಂದ್ರನಿಗೆ ಸೂರ್ಯನ ಹೆಸರು ಹೇಳಿದಳು. ಪವಾರ ಫೈಲು ಎದೆಗವಚಿ ನಿಂತು ಪ್ರತಿ ಸರಿ ಉತ್ತರಕ್ಕೂ ತಲೆಯಾಡಿಸಿದರು.

ಎರಡನೆಯ ತರಗತಿಗೆ ಇಳಿಸುವ ಚೀಟಿ ರದ್ದಾಗಲಿಲ್ಲ, ಮುಂದಕ್ಕೆ ಹೋಯಿತು. ಸೋಮವಾರದಿಂದ ದಿನಾ ಮೊದಲ ಎರಡು ತಾಸು ಚಾಪೆಯ ವರ್ಗ, ಉಳಿದ ಹೊತ್ತು ಐದನೆಯ ತರಗತಿ. ದೀಪಾವಳಿಯ ತನಕ ನೋಡಿ, ಆಗಲೂ ಹಿಂದೆ ಬಿದ್ದರೆ ಮತ್ತೆ ವಿಚಾರ ಮಾಡಬೇಕು ಎಂದಳು ಸ್ನೇಹಲ್. "ಮೂರು ತಿಂಗಳು ಹೋಗಿದೆ, ಸುಳ್ಳು ಭರವಸೆ ಕೊಡಲಾರೆ." ಅಂಬಾಬಾಯಿ ಏಳನೆಯ ಸಾಲು ಹೊಡೆದು, ಕನ್ನಡ ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದರು. ಕೆಳಗೆ ಯಂಕವ್ವ ಹೆಬ್ಬೆಟ್ಟೊತ್ತಿದಳು.

ಹೊರಗೆ ಕಂಪೌಂಡಿನ ಬೇವಿನ ಮರದ ಕಟ್ಟೆಗೆ ಬಂದಾಗ ಯಂಕವ್ವನ ಮುಖ ಅರಳಿತ್ತು. ಮರಾಠಿಯಲ್ಲಿ ನಡೆದದ್ದು ಅವಳಿಗೆ ತಿಳಿದಿರಲಿಲ್ಲ. ಮಗಳು ಮಾತಾಡಿದ್ದಷ್ಟೇ ಕಂಡಿದ್ದಳು.

"ನೀವ್ ಬಂದಿದ್ದಕ್ಕ ಆಯ್ತ್ ನೋಡ್ರಿ ಬಾಯಾರ. ನೀವ್ ಇಲ್ಲಂದ್ರ ಯಾರ್ ಕೇಳ್ತಿದ್ರು ನಮ್ಮನ್ನ?"

ಆ ಮಾತು ಹಾಗೇ ಇರಲಿ ಎಂದು ಅಂಬಾಬಾಯಿಯ ಮನಸ್ಸು ಒಂದು ಗಳಿಗೆ ಆಸೆಪಟ್ಟಿತು. ಆಮೇಲೆ ಹೇಳಿದರು. ಒಂದನ್ನೂ ಮುಚ್ಚಿಡದೆ, ಅರ್ಜಿ, ಬುದ್ಧಿವಾದ, ಚಾಪೆಯ ವರ್ಗ, ಎಲ್ಲವನ್ನೂ. ಹೇಳುತ್ತ ಹೋದಂತೆ ಯಂಕವ್ವನ ಮುಖ ಕುಂದುತ್ತ ಹೋಯಿತು.

"ಇವರಪ್ಪ ಇಕಿಗಿ ಹೊಡದಾನ್ರಿ," ಎಂದಳು ಕೊನೆಗೆ. "ಮೂಗಿ ಹಂಗ ಯಾಕ ಕೂಡ್ತಿ ಅಂತ. ನಾನೂ ಬೈದೀನಿ. ಅದು ಒಂದ್ ದಿನಾನೂ ನಿಮ್ಮ ಹೆಸರ್ ಹೇಳ್ಲಿಲ್ಲ."

"ತಪ್ಪಾತವ್ವಾ."

"ಓದಿದವ್ರು, ನಿಮಗ ತಿಳೀತದ ಅಂತ ನಾ ಬಿಟ್ಟೆ." ಯಂಕವ್ವ ಬೇರೆ ಕಡೆ ನೋಡಿದಳು. "ನಮಗ ತಿಳೀಲಿಲ್ಲಂದ್ರ ಅದು ಬ್ಯಾರೆ."

ಅಂಬಾಬಾಯಿ, ದಿನಾ ಸಂಜೆ ಹುಡುಗಿಯನ್ನು ಕೂರಿಸಿಕೊಂಡು ಓದಿಸುತ್ತೇನೆ ಎನ್ನಬೇಕೆಂದಿದ್ದರು. ಈಗ ಆ ಮಾತೇ ದೊಡ್ಡಸ್ತಿಕೆಯಂತೆ ತೋರಿ ನಾಲಿಗೆಯ ಮೇಲೇ ನಿಂತಿತು. ಮೊಣಕಾಲು ಸಿಡಿಯುತ್ತಿತ್ತು. ಕೋಲು ಬದಿಗಿಟ್ಟು ಕಟ್ಟೆಯ ಮೇಲೆ ಕೂತರು. ಒಳಗೆ ಊಟದ ಗಂಟೆ ಹೊಡೆಯಿತು, ಮಕ್ಕಳು ಹೋ ಎಂದು ಅಂಗಳಕ್ಕೆ ಬಂದರು. ಅನುಸೂಯಾ ನೇಪಾಳದ ಅಕ್ಕತಂಗಿಯರನ್ನು ದೂರದಿಂದಲೇ ನೋಡುತ್ತ ನಿಂತಳು. ಅವರಲ್ಲಿ ಚಿಕ್ಕವಳು ಕೈ ಬೀಸಿ ಕರೆದಳು.

ಯಂಕವ್ವ ಕಟ್ಟೆಯ ಆ ತುದಿಗೆ ಕೂತಳು. ಆಮೇಲೆ ಸೊಂಟದ ಗಂಟು ಬಿಚ್ಚಿ, ಮಧ್ಯಾಹ್ನದ ಕೆಲಸದ ಹೊತ್ತಿಗೆಂದು ಕಟ್ಟಿಕೊಂಡು ಬಂದ ಜೋಳದ ರೊಟ್ಟಿಗಳನ್ನು ತೊಡೆಯ ಮೇಲೆ ಹರವಿದಳು. ಒಂದು ರೊಟ್ಟಿಯ ನಡುವೆ ಪುಂಡಿಪಲ್ಯ ಇಟ್ಟು, ಮಡಚಿ, ಮುಖ ನೋಡದೆ, ಅಂಬಾಬಾಯಿಯ ಕೈಯಲ್ಲಿಟ್ಟಳು.